ಒರೆಸುವುದೋ ಕಾಯುವುದೋ

ಫೆಬ್ರವರಿ ೩, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು. ತರಕಾರಿ ಮಂಡಿಯ ದೊಡ್ಡ ಗೇಟಿಗೆ ಬೀಗ ಬಿದ್ದಿದೆ, ಕೀಲಿಕೈ ನನ್ನ ಬಾಯಲ್ಲಿದೆ. ಅಕ್ಕ ಒಳಗೆ ಸಿಕ್ಕಿಕೊಂಡು ‘ಬಾಯಿ ಬಿಡೇ, ಬಾಯಿ ಬಿಡು’ ಅಂತ ಕೂಗುತ್ತಿದ್ದಾಳೆ. ಬಿಟ್ಟರೆ ಕೀಲಿಕೈ ಗಂಟಲಿಗೆ ಜಾರುತ್ತೆ, ಬಿಡದಿದ್ದರೆ ಗೇಟು ತೆಗೆಯುವ ಹಾಗಿಲ್ಲ. ಎಚ್ಚರವಾದಾಗ ದವಡೆ ನೋಯುತ್ತಿತ್ತು. ಹೋಗಿ ಗ್ಯಾಸ್ ಆರಿಸಿದ್ದೀನಾ ನೋಡಿದೆ. ಆರಿಸಿತ್ತು. ಬಾಗಿಲು ನೋಡಿದೆ. ಹಾಕಿತ್ತು. ಮತ್ತೆ ಗ್ಯಾಸ್ ನೋಡಿದೆ.

ಅಕ್ಕನ ಗಂಟಲಲ್ಲಿರುವ ಗಡ್ಡೆ ಕೆಟ್ಟದ್ದೇ ಅಂತ ಶುಕ್ರವಾರ ಡಾಕ್ಟರು ಹೇಳಿದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಇದೇ ಇಪ್ಪತ್ತನಾಲ್ಕಕ್ಕೆ. ಜೀವ ಉಳಿಯುತ್ತೆ, ದನಿ ಉಳಿಯಲ್ಲ. ಅಕ್ಕ ಮಂಡಿಯಲ್ಲಿ ಹರಾಜು ಕೂಗುವವಳು. ಟೊಮೆಟೊ ಬುಟ್ಟಿ ಮೇಲೆ ಹತ್ತಿ ನಿಂತು ಕೂಗಿದರೆ ಆಚೆ ಬಸ್ಸಿನಲ್ಲಿ ಕೂತವರು ಬೆಲೆ ಕೂಗಬೇಕು, ಅಂಥ ದನಿ. ಮಂಡಿಯಲ್ಲಿ ಅವಳ ಹೆಸರೇ ‘ಗಂಟೆ’. ಡಾಕ್ಟರ ಮಾತು ಕೇಳಿ ನಾನು ಕುರ್ಚಿ ಹಿಡಿದುಕೊಂಡೆ, ಅವಳು ನನ್ನ ಕೈ ತಟ್ಟಿ, “ಮಾತು ಬೆಳ್ಳಿ ಮೌನ ಬಂಗಾರ ಅಂತಾರಲ್ಲೇ. ಇನ್ಮೇಲೆ ನಾನು ಬಂಗಾರದಂಗಡಿ” ಅಂದಳು. ಭಾವ ಎದ್ದು ಹೊರಗೆ ಹೋದರು.

ಇದಕ್ಕಿಂತ ಹೆದರಿಸುವುದು ಇನ್ನೊಂದಿದೆ. ದನಿ ಕಳೆದುಕೊಂಡವರಿಗೆ ಅಂತಲೇ ನಮ್ಮ ಆಫೀಸಿನಲ್ಲಿ ಎರಡು ವರ್ಷದಿಂದ ಡಬ್ಬಿ ಮಾಡುತ್ತಿದ್ದೇವೆ. ಆಪರೇಷನ್‌ಗೆ ಮುಂಚೆ ತಮ್ಮ ಮಾತನ್ನು ತಾವೇ ಅದರಲ್ಲಿ ರೆಕಾರ್ಡ್ ಮಾಡಿಟ್ಟರೆ, ಆಮೇಲೆ ಬಟನ್ ಒತ್ತಿದಾಗ ಅವರದೇ ದನಿಯಲ್ಲಿ ಮಾತು ಬರಬೇಕು. ಯಾರ್ಯಾರಿಗೋ ಅಂತ ಮಾಡುತ್ತಿದ್ದದ್ದು ನಮ್ಮನೆಗೇ ಬೇಕಾಯಿತು. ನಾನೇ ಕರೆದುಕೊಂಡು ಬಂದೆನೇನೋ.

ಫೆಬ್ರವರಿ ೪

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅಕ್ಕ ಕೇಳಿದಳು, “ಆ ಡಬ್ಬೀಲಿ ನೀನು ಮಾಡೋದಾದ್ರೂ ಏನೇ? ಫೈಲ್ ಸಿಸ್ಟಮ್ಮು ಅಂತೀಯ, ಎರಡು ವರ್ಷದಿಂದ ಅದೇ ಅಂತೀಯ.”

“ಡಬ್ಬಿ ಒಳಗೆ ಒಂದು ಚಿಪ್ಪಿದೆ, ಗೋಡೌನ್ ಇದ್ದ ಹಾಗೆ. ಯಾವ ಮೂಟೆ ಎಲ್ಲಿದೆ, ಯಾವ ಹೆಸರಿನದು, ಯಾವ ಜಾಗ ಖಾಲಿ ಅಂತ ನೋಡಿಕೊಳ್ಳೋಕೆ ಒಬ್ಬ ಗುಮಾಸ್ತ ಬೇಕಲ್ಲ. ಆ ಗುಮಾಸ್ತನ್ನ ಮಾಡೋಳು ನಾನು.”

“ಒಬ್ಬ ಗುಮಾಸ್ತನ್ನ ಮಾಡೋಕೆ ಎರಡು ವರ್ಷವೇ? ಹೆತ್ತಿದ್ರೂ ಇಷ್ಟೊತ್ತಿಗೆ ನಡೀತಿದ್ದ.”

ಪಕ್ಕದಲ್ಲಿದ್ದ ರೋಗಿ ನಕ್ಕು ಕೆಮ್ಮಿದರು. ನಾನೂ ನಕ್ಕೆ. ಆಮೇಲೆ, ಈ ಮಾತನ್ನು ಅವಳ ದನಿಯಲ್ಲಿ ಮತ್ತೆ ಕೇಳಲಾರೆ ಅಂತ ಹೊಳೆದು, ನೀರು ಕುಡಿಯುವ ನೆಪದಲ್ಲಿ ಎದ್ದೆ.

ಫೆಬ್ರವರಿ ೬, ಗುರುವಾರ

ಇವತ್ತು ಗುಮಾಸ್ತನಿಗೆ ಏನೇನು ಕಲಿಸಬೇಕು, ಏನು ಬಿಡಬೇಕು ಅಂತ ತೀರ್ಮಾನ. ಮೊದಲ ಡಬ್ಬಿಗಳು ಮುಂದಿನ ವಾರ ಹೊರಗೆ ಹೋಗಬೇಕು.

ನಮ್ಮದು ಕನ್ನಡಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗಾಜು ಕೊಯ್ಯುವ ಕರ್ರ್ ಸದ್ದು ದಿನವಿಡೀ. ನಾವಿರುವುದು ಮೂರೇ ಜನ. ಸಾರ್, ಅಂದರೆ ನಮ್ಮನ್ನೆಲ್ಲ ಕಟ್ಟಿಕೊಂಡು ಇದನ್ನು ನಡೆಸುವವರು; ಏನು ಕೇಳಿದರೂ ಕತ್ತರಿಸುತ್ತಾರೆ ಅಂತ ಬೆನ್ನ ಹಿಂದೆ ‘ಕತ್ತರಿ’. ಚಿಪ್ಪು, ತಂತಿ, ಸ್ವಿಚ್ಚುಗಳನ್ನು ಕೂಡಿಸುವವಳು ‘ಬೆಸುಗೆ’. ಅವಳ ಕೂದಲೂ ಬೆಸುಗೆ ಹೊಗೆಯ ವಾಸನೆ. ನನಗಿಟ್ಟ ಹೆಸರು ‘ಹೋದ್ರೆ’. ಕರೆಂಟ್ ಹೋದ್ರೆ, ಬ್ಯಾಟರಿ ಹೋದ್ರೆ, ಕೈ ಜಾರಿ ಹೋದ್ರೆ ಅಂತ ನಾನು ದಿನಕ್ಕೆ ಹತ್ತು ಸಲ ಕೇಳುತ್ತೇನಂತೆ. ಅವರಿಬ್ಬರೂ ಓದಿದವರು. ನಾನು ಅಮ್ಮ ತೀರಿಕೊಂಡಾಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಅಕ್ಕ ಹೊಡೆದು ಮತ್ತೆ ಸೇರಿಸಿದಳು, ಹತ್ತಕ್ಕೆ ಮತ್ತೆ ಬಿಟ್ಟೆ. ಕೆಟ್ಟ ಕಂಪ್ಯೂಟರ್‌ಗಳಿಂದ ಜನರ ಫೋಟೋ ಹೊರತೆಗೆಯುವ ಅಂಗಡಿಯಲ್ಲಿ ಕಲಿತದ್ದೇ ನನ್ನ ವಿದ್ಯೆ. ಹಾಗಾಗಿ ಅವರು ನಕ್ಕರೆ ನನಗೆ ಎರಡು ಪಟ್ಟು ಕೇಳಿಸುತ್ತೆ.

ಕತ್ತರಿ ಸಾರ್ ಬೋರ್ಡಿನ ಮೇಲೆ ಎಲ್ಲಾ ಬರೆದು ಒಂದೊಂದಾಗಿ ಹೊಡೆದು ಹಾಕುತ್ತಾ ಬಂದರು. ಫೋಲ್ಡರ್: ಬೇಡ. ಅಳಿಸಿದ್ದನ್ನು ವಾಪಸ್ ತರುವುದು: ಬೇಡ. ತಾರೀಖು: ಇರಲಿ. “ಮೂರು ಮೊಳ ಬಟ್ಟೇಲಿ ಆರು ಅಂಗಿ ಹೊಲಿಯೋಕಾಗಲ್ಲ ಕಣಮ್ಮ. ಈ ಚಿಪ್ಪು ಅಗ್ಗ, ನಿಧಾನ. ದುಬಾರಿ ಚಿಪ್ಪು ಹಾಕಿದ್ರೆ ಡಬ್ಬಿ ಯಾರ ಕೈಗೂ ಎಟುಕಲ್ಲ.” ಅದೂ ನಿಜವೇ.

ಕೊನೆಗೆ ಎರಡು ಉಳಿದವು.

ಒಂದು, ಒರೆಸುವುದು. ಡಬ್ಬಿ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ. ಒಬ್ಬರು ತೀರಿಕೊಂಡರೆ ಆಸ್ಪತ್ರೆಯವರು ಅದನ್ನೇ ಇನ್ನೊಬ್ಬರಿಗೆ ಕೊಡುತ್ತಾರೆ. ಹೆಸರು ಅಳಿಸಿದರೂ ದನಿಯ ಚೂರು ಚಿಪ್ಪಿನಲ್ಲೇ ಬಿದ್ದಿರುತ್ತೆ. ಹೊಸ ಮಾತಿಗೆ ಜಾಗ ಕೊಡುವ ಮುಂಚೆ ಆ ಜಾಗವನ್ನು ಪ್ರತಿಸಲವೂ ಸೊನ್ನೆ ಮಾಡಿ ಒರೆಸಿಬಿಡಬೇಕು.

ಇನ್ನೊಂದು, ಕಾಯುವುದು. ಮಾತಾಡಿದ್ದು ಮೊದಲು ತತ್ಕಾಲದ ಮೆಮೊರಿಯಲ್ಲಿ ಕೂತಿರುತ್ತೆ, ಪವರ್ ಹೋದರೆ ಅದು ಖಾಲಿ. ಈಗಿರುವ ಹಾಗೆ ಹೆಸರು, ಉದ್ದ, ತಾರೀಖು ಕೂಡಲೇ ಚಿಪ್ಪಿಗೆ ಹೋಗಿ ಭದ್ರ. ಒಳಗಿನ ದನಿ ಮಾತ್ರ ಬಿಡುವು ನೋಡಿಕೊಂಡು ಅರ್ಧ ನಿಮಿಷ ಬಿಟ್ಟು ಇಳಿಯುತ್ತೆ. ದನಿ ಮೊದಲು ಇಳಿಯಲಿ, ಆಮೇಲೆ ಹೆಸರು ಬರೆಯಲಿ, ಅಲ್ಲಿವರೆಗೆ ಕೆಂಪು ದೀಪ ಉರಿಯಲಿ, ಬಳಸುವವರು ಕಾಯಲಿ ಅಂತ ನನ್ನ ಆಸೆ.

“ಎರಡೂ ಹಾಕಿದ್ರೆ ಒಂದು ವಾಕ್ಯ ರೆಕಾರ್ಡ್ ಮಾಡೋಷ್ಟರಲ್ಲಿ ಜನ ನಿದ್ದೆ ಹೋಗ್ತಾರೆ. ಒಂದು ಆರಿಸ್ಕೋ” ಅಂದರು ಸಾರ್.

ಆ ಕಂಪ್ಯೂಟರ್ ಅಂಗಡಿಯಲ್ಲಿದ್ದಾಗ ಒಂದು ಸಲ ಒಬ್ಬರ ಡಿಸ್ಕಿನಿಂದ ಇನ್ನಾರದೋ ಸತ್ತ ಮಗುವಿನ ಫೋಟೋ ಹೊರಬಂದದ್ದು ನೆನಪಾಯಿತು. ಡಬ್ಬಿ ಒತ್ತಿದಾಗ ಸತ್ತವರ ದನಿ ಬಂದರೆ? ಒರೆಸುವುದು ಅಂದೆ. ಸಾರ್ ತಲೆಯಾಡಿಸಿದರು. ಆದರೂ ಮನಸ್ಸು ತಡೆಯದೆ, “ಸಾರ್, ಆ ಅರ್ಧ ನಿಮಿಷದಲ್ಲಿ ಪವರ್…” ಅಂದೆ ಅಷ್ಟೇ.

“ಬಂತು ನೋಡಿ, ಹೋದ್ರೆ!” ಅಂದಳು ಬೆಸುಗೆ. ಸಾರ್ ನಕ್ಕರು. ಟೀ ಕೊಡಲು ಬಂದವನೂ ನಕ್ಕ. ನಾನೂ ನಕ್ಕು, “ಏನಿಲ್ಲ ಬಿಡಿ” ಅಂದೆ.

ಫೆಬ್ರವರಿ ೭

ಬೆಸುಗೆ ಇವತ್ತು ತಾನಾಗೇ ಬಂದು ಸಮಾಧಾನ ಹೇಳಿದಳು. “ಬ್ಯಾಟರಿ ಎರಡು ದಿನ ಬರುತ್ತೆ ಕಣೇ. ಮಾತಾಡಿದ ಕೂಡಲೇ ಯಾವ ಮಂಕು ಆರಿಸ್ತಾನೆ ಹೇಳು?” ಸರಿ ಅನ್ನಿಸಿತು. ಮಧ್ಯಾಹ್ನಕ್ಕೆ ಸರಿ ಅನ್ನಿಸಲಿಲ್ಲ. ಸಂಜೆಗೆ ಸರಿ ಅನ್ನಿಸಿತು.

ಫೆಬ್ರವರಿ ೧೧, ಮಂಗಳವಾರ

ಅಕ್ಕನಿಗೆ ಡಬ್ಬಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, “ಇಷ್ಟೇನಾ? ನನ್ನ ಗಂಟಲು ಇದಕ್ಕಿಂತ ಚೆನ್ನಾಗಿದೆಯಪ್ಪ” ಅಂದಳು. ಭಾವ ಬಡಗಿ. ಡಬ್ಬಿಯ ಅಂಚು ಚೂಪಾಗಿದೆ ಅಂತ ಆಗಲೇ ಉಜ್ಜುಕಾಗದ ತೆಗೆದು ಕೂತರು.

ಅಕ್ಕನದು ಒಂದೇ ಷರತ್ತು: ರೆಕಾರ್ಡ್ ಮಾಡುವಾಗ ಯಾರೂ ಇರಬಾರದು, ಮಾಡಿದ್ದನ್ನು ಯಾರೂ ಕೇಳಬಾರದು.

“ಸರಿಯಾಗಿ ಬಂದಿದೆಯಾ ಅಂತ ನೋಡಬೇಡವೇನೇ?”

“ಮಾಡಿದ ತಕ್ಷಣ ನಾನೇ ಹಾಕಿ ಕೇಳ್ತೀನಿ. ನೀನು ನನ್ನ ಗಂಟಲು ಹೋದ ಮೇಲೆ ಕೇಳು. ಇನ್ನೂ ಬಾಯಿರೋವಾಗ್ಲೇ ಡಬ್ಬಿ ಕೈಲಿ ಮಾತಾಡಿಸ್ತೀಯಾ?”

ಸುಳ್ಳು ಯಾಕೆ, ನನಗೂ ಅದೇ ಬೇಕಿತ್ತು. ಅವಳ ಮಾತು ಡಬ್ಬಿಯಿಂದ ಬರುವುದನ್ನು ಕೇಳುವ ಧೈರ್ಯ ನನಗಿಲ್ಲ.

ಅಲ್ಲೇ ಒಂದು ಸಣ್ಣ ಜಗಳ. ಕೋಣೆಯಲ್ಲಿ ನಾನು ಬರೆಯುತ್ತಾ ಕೂತಿದ್ದೆ, ಅವಳು ಹೊರಗೆ ಹೋಗುತ್ತಾ ದೀಪ ಆರಿಸಿಬಿಟ್ಟಳು. ಮೊದಲಿಂದಲೂ ಹಾಗೇ, ಯಾರಿದ್ದರೂ ಇಲ್ಲದಿದ್ದರೂ ಆರಿಸುವುದು. “ನಾನಿದ್ದೀನಿ ಕಣೇ ಇಲ್ಲಿ!” ಅಂದೆ. “ಇದ್ರೆ ಹೇಳ್ಬೇಕು” ಅಂದಳು.

ಫೆಬ್ರವರಿ ೧೫

ದಿನಾ ಸಂಜೆ ಹೋಗಿ ಡಬ್ಬಿಯ ಪಟ್ಟಿ ನೋಡಿ ಬರುತ್ತೇನೆ. ‘ನೀರು’. ‘ಬೆನ್ನು ನೋವು’. ‘ಕಿಟಕಿ ಹಾಕು’. ‘ಇವರಿಗೆ ಬೈಗುಳ ೧’. ‘ಇವರಿಗೆ ಬೈಗುಳ ೨’. ‘ತಂಗಿಗೆ’. ಪ್ರತಿ ಹೆಸರಿನ ಮುಂದೆ ಉದ್ದ ಸರಿಯಾಗಿದೆ, ತಾರೀಖು ಸರಿಯಾಗಿದೆ. ‘ತಂಗಿಗೆ’ ಅನ್ನುವುದು ಎಲ್ಲಕ್ಕಿಂತ ಉದ್ದ. ಬೆರಳು ಅದರ ಮೇಲೆ ಇಟ್ಟು ತೆಗೆದೆ.

“ಏನಿದೆ ಅದರಲ್ಲಿ?”

“ನಿನ್ನ ತಲೆ ಇದೆ. ಹೋಗಿ ಕೈ ತೊಳ್ಕೋ, ಊಟ ಮಾಡೋಣ.”

ಫೆಬ್ರವರಿ ೧೯, ಬುಧವಾರ

ಅಕ್ಕ ಕೊನೇ ಸಲ ಮಂಡಿಗೆ ಹೋದಳು. ಡಾಕ್ಟರು ಬೇಡ ಅಂದಿದ್ದರು. ದನಿ ಆಗಲೇ ತೂತು ಬಿದ್ದ ತಗಡಿನ ಹಾಗಾಗಿದೆ. ಆದರೂ ಬುಟ್ಟಿ ಮೇಲೆ ಹತ್ತಿ, “ಒಂದ್ಸಲ… ಎರಡ್ಸಲ…” ಅಂದಳು. ಮೂರನೆಯದು ಹೊರಡಲಿಲ್ಲ. ಜನ ಅಷ್ಟೂ ಸುಮ್ಮನಾದರು. ಮಂಡಿ ಸುಮ್ಮನಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆಗ ಹಿಂದಿನಿಂದ ಒಬ್ಬ ಹಮಾಲಿ, “ಏ ಗಂಟೆ, ಮೂರು ಎಣಿಸೋಕೆ ಬರಲ್ವಾ?” ಅಂತ ಕೂಗಿದ. ಎಲ್ಲಾ ನಕ್ಕರು. ಅಕ್ಕ ಮೂರು ಬೆರಳು ಎತ್ತಿ ತೋರಿಸಿದಳು. ಮೂಟೆ ಮಾರಾಟವಾಯಿತು.

ವಾಪಸು ಬರುವಾಗ ಆಟೋದಲ್ಲಿ, “‘ಮೂರ್ಸಲ’ ಡಬ್ಬೀಲಿ ಹಾಕಿಟ್ಟಿದ್ದೀನಿ. ಬೇಕಾದ್ರೆ ಬಂದು ಒತ್ತಿ ತೋರಿಸ್ತೀನಿ ಅವನಿಗೆ” ಅಂದಳು, ಅರ್ಧ ಗಾಳಿಯಲ್ಲಿ.

ಫೆಬ್ರವರಿ ೨೩

ಪಟ್ಟಿ ಮೂರು ಸಲ ನೋಡಿದೆ. ಎಲ್ಲಾ ಇದೆ. ಏನೋ ಮರೆತಿದ್ದೇನೆ ಅನ್ನಿಸುತ್ತಿದೆ. ಅದು ನನಗೆ ಯಾವಾಗಲೂ ಅನ್ನಿಸುವುದೇ.

ಫೆಬ್ರವರಿ ೨೪

ಆಯಿತು. ಬದುಕಿದ್ದಾಳೆ.

ಫೆಬ್ರವರಿ ೨೭, ಗುರುವಾರ

ಆದದ್ದು ಆದ ಹಾಗೆ ಬರೆದಿಡುತ್ತೇನೆ.

ಇವತ್ತು ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಕತ್ತಿನ ಕೆಳಗೆ ಉಸಿರಾಡಲು ತೂತು, ಮೂಗಿನಲ್ಲಿ ನಳಿಕೆ. ಮಾತು ಕಲಿಸುವ ಮೇಡಂ ಬಂದು, “ಎಲ್ಲಿ, ನಿಮ್ಮ ಡಬ್ಬಿ ಮಾತಾಡಲಿ ನೋಡೋಣ” ಅಂದರು. ಅಕ್ಕ ನನ್ನ ಕಡೆ ಕಣ್ಣು ಮಿಟುಕಿಸಿ ಮೊದಲನೇ ಬಟನ್ ಒತ್ತಿದಳು. ‘ಇವರಿಗೆ ಬೈಗುಳ ೧’. ಭಾವ ನಗಲು ಸಿದ್ಧವಾಗಿ ನಿಂತಿದ್ದರು.

ಏನೂ ಬರಲಿಲ್ಲ.

ವಾಲ್ಯೂಮ್ ಜಾಸ್ತಿ ಮಾಡಿದೆ. ಮತ್ತೆ ಒತ್ತಿದಳು. ಪರದೆಯ ಮೇಲೆ ಗೆರೆ ಓಡಿತು, ಒಂದು, ಎರಡು, ಮೂರು, ನಾಲ್ಕು ಸೆಕೆಂಡು, ಎಷ್ಟು ಉದ್ದ ಮಾತಾಡಿದ್ದಳೋ ಅಷ್ಟು. ದನಿ ಇಲ್ಲ. ‘ನೀರು’ ಒತ್ತಿದಳು. ‘ಮೂರ್ಸಲ’ ಒತ್ತಿದಳು. ಮೇಡಂ, “ಸ್ಪೀಕರ್ ಹೋಗಿರಬೇಕು, ಸರಿ ಮಾಡಿಸಿದರಾಯಿತು” ಅಂತ ನನ್ನ ಬೆನ್ನು ಸವರಿದರು. ಸ್ಪೀಕರ್ ಹೋಗಿರಲಿಲ್ಲ. ಬಟನ್ ಒತ್ತಿದಾಗಲೆಲ್ಲ ಟಿಕ್ ಅನ್ನುವ ಸದ್ದು ಅದೇ ಸ್ಪೀಕರಿನಿಂದ ಬರುತ್ತಿತ್ತು.

ಅಕ್ಕ ‘ತಂಗಿಗೆ’ ಒತ್ತಿದಳು. ಗೆರೆ ಬಹಳ ಹೊತ್ತು ಓಡಿತು. ನಾವು ನಾಲ್ಕೂ ಜನ ಅದು ಮುಗಿಯುವ ತನಕ ನೋಡಿದೆವು.

ಫೆಬ್ರವರಿ ೨೮

ಚಿಪ್ಪಿನಲ್ಲಿ ಇವತ್ತು ಓದಿದಷ್ಟೂ ಸೊನ್ನೆ.

ಮಾರ್ಚ್ ೩, ಸೋಮವಾರ

ಮೂರು ದಿನ ಚಿಪ್ಪನ್ನು ಹೊರತೆಗೆದು ಇಂಚಿಂಚು ಓದಿದೆ. ನಡೆದದ್ದು ಇಷ್ಟು.

ಅಕ್ಕ ಒಂದು ವಾಕ್ಯ ಹೇಳುತ್ತಿದ್ದಳು, ತಕ್ಷಣ ಹಾಕಿ ಕೇಳುತ್ತಿದ್ದಳು. ಆಗ ದನಿ ತತ್ಕಾಲದ ಮೆಮೊರಿಯಿಂದ ಬರುತ್ತಿತ್ತು, ಚೆನ್ನಾಗೇ ಕೇಳುತ್ತಿತ್ತು. ಕೆಲಸ ಮುಗಿಯಿತು ಅಂತ ಪಕ್ಕದ ಸ್ವಿಚ್ ಟಕ್ ಅಂತ ಆರಿಸುತ್ತಿದ್ದಳು, ಕೋಣೆ ದೀಪ ಆರಿಸುವ ಹಾಗೆ. ಬೆಸುಗೆ ಹಾಕಿದ್ದ ಸ್ವಿಚ್ಚು ಬ್ಯಾಟರಿಯನ್ನೇ ನೇರ ಕಡಿದುಬಿಡುವಂಥದು. ಹೆಸರು ಚಿಪ್ಪಿಗೆ ಹೋಗಿರುತ್ತಿತ್ತು, ಉದ್ದ ಹೋಗಿರುತ್ತಿತ್ತು, ಜಾಗ ಸೊನ್ನೆ ಮಾಡಿ ಒರೆಸಿ ಸಿದ್ಧವಾಗಿರುತ್ತಿತ್ತು. ದನಿ ಮಾತ್ರ, ಹಾಕಿ ಕೇಳುವಷ್ಟು ಹೊತ್ತು ಬಿಡುವು ಸಿಗದೆ, ಇನ್ನೂ ಇಳಿಯಬೇಕಿತ್ತು. ಮುಂದಿನ ವಾಕ್ಯಕ್ಕೆ ಮತ್ತೆ ಹಾಕುತ್ತಿದ್ದಳು. ಮತ್ತೆ ಟಕ್.

ನನ್ನ ಗುಮಾಸ್ತ ಹೇಳಿದ ಕೆಲಸ ಒಂದೂ ಬಿಡದೆ ಮಾಡಿದ್ದಾನೆ. ಮೂಟೆ ಬರುವ ಮುಂಚೆಯೇ ಬಂದಿದೆ ಅಂತ ಬರೆದುಕೊಂಡು ಕೂತಿದ್ದಾನೆ. ನಾನು ದಿನಾ ಹೋಗಿ ಅವನು ಬರೆದದ್ದನ್ನೇ ಓದಿ, ಇದೆ ಇದೆ ಅಂದುಕೊಂಡು ಬಂದೆ. ಗ್ಯಾಸನ್ನು ಮೂರು ಸಲ ಮುಟ್ಟಿ ನೋಡುವವಳು ಇದನ್ನು ಒಂದು ಸಲ ಒತ್ತಿ ಕೇಳಲಿಲ್ಲ.

ಅವಳು ಮಾಡಿ ಅಳಿಸಿದ ಮುಂಚಿನ ಪ್ರಯತ್ನಗಳಲ್ಲಿ ಯಾವುದಾದರೂ ಇಳಿದಿದ್ದರೆ ಅದರ ಚೂರಾದರೂ ಸಿಗುತ್ತೇನೋ ಅಂತ ಹುಡುಕಿದೆ. ಅದನ್ನೂ ಒರೆಸಿಬಿಟ್ಟಿದ್ದಾನೆ ನನ್ನ ಗುಮಾಸ್ತ. ನಾನೇ ಆರಿಸಿದ್ದು.

ಬೆಸುಗೆ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಸಾರ್ ಕೆಳಗಿಳಿದು ಹೋಗಿ ಕನ್ನಡಿ ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ನನಗೆ ಅಳು ಬರುತ್ತಿಲ್ಲ. ಇಬ್ಬರಲ್ಲಿ ಯಾರಾದರೂ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಒಂದೇ ಒಂದು ಉಳಿದಿದೆ. ಹೆಸರು ‘ಟೀ’. ಮೊದಲನೇ ದಿನದ್ದು. ಹಾಕಿದರೆ ಪಾತ್ರೆ ಸದ್ದು, ಭಾವನ ದನಿ ದೂರದಲ್ಲಿ, ಆಮೇಲೆ ಅಕ್ಕ, ಗಂಟೆ ಹೊಡೆದ ಹಾಗೆ: “ನನಗೆ ಬೇಡ!”

ಅಷ್ಟೇ.

ಮಾರ್ಚ್ ೪

ಆಸ್ಪತ್ರೆಯಲ್ಲಿ ಅಕ್ಕನಿಗೆ ಎಲ್ಲಾ ಹೇಳಿದೆ. ಸ್ವಿಚ್ ವಿಷಯವನ್ನೂ ಹೇಳಿದೆ. ಅವಳು ತನ್ನದೇ ತಪ್ಪು ಅಂದುಕೊಂಡರೆ ಅಂತ, “ನಿನ್ನದೇನಿಲ್ಲ, ಕಾಯುವ ದೀಪ ನಾನು ಹಾಕಬೇಕಿತ್ತು” ಅಂತ ಎರಡೆರಡು ಸಲ ಹೇಳಿದೆ. ಅವಳು ಗೋಡೆ ಕಡೆ ತಿರುಗಿಕೊಂಡಳು. ಕತ್ತಿನ ತೂತಿನಿಂದ ಉಸಿರು ಬುಸ್ ಬುಸ್ ಅನ್ನುತ್ತಿತ್ತು. ಅಳುವುದಕ್ಕೂ ದನಿ ಬೇಕು ಅಂತ ನನಗೆ ಗೊತ್ತಿರಲಿಲ್ಲ.

ಮಾರ್ಚ್ ೬

ಇವತ್ತೂ ನನ್ನ ಕಡೆ ನೋಡಲಿಲ್ಲ.

ಮಾರ್ಚ್ ೧೦, ಸೋಮವಾರ

ಅಕ್ಕ ಮನೆಗೆ ಬಂದಳು. ಚಿಪ್ಪನ್ನು ಮತ್ತೆ ಡಬ್ಬಿಯಲ್ಲಿಟ್ಟು, ಉಳಿದ ಹೆಸರುಗಳನ್ನೆಲ್ಲ ಅಳಿಸಿ, ಆ ಒಂದನ್ನು ಮೊದಲನೇ ಬಟನ್‌ಗೆ ಕೊಟ್ಟು ಅವಳ ಮುಂದಿಟ್ಟೆ. ಒತ್ತಿದಳು. “ನನಗೆ ಬೇಡ!” ಮನೆಯೆಲ್ಲಾ ತುಂಬಿತು. ಭಾವನ ಕೈಲಿದ್ದ ಲೋಟ ಬಿತ್ತು.

“ಅವತ್ತು ಇವರು ಟೀ ತಂದ್ರು. ರೆಕಾರ್ಡ್ ಆಗ್ತಿರೋದು ಮರೆತು ಬೇಡ ಅಂದೆ. ನಕ್ಕೂ ನಕ್ಕೂ ಆರಿಸೋದೇ ಮರೆತೆ” ಅಂದಳು ಅಕ್ಕ.

ನಾನು ಅದನ್ನು ಭಾವನಿಗೆ ಹೇಳಿದೆ. ಅವರು ನನ್ನನ್ನೇ ನೋಡಿ, “ನಿಂಗೆ ಹೇಗಮ್ಮಾ ತಿಳಿಯುತ್ತೆ ಅವಳು ಹೇಳೋದು? ನಂಗೆ ಬರೀ ತುಟಿ ಅಲ್ಲಾಡೋದು ಕಾಣ್ಸುತ್ತೆ” ಅಂದರು. ಇದೇನು ಕೇಳುತ್ತಾರೆ ಭಾವ! ಅಂದಳಲ್ಲ, ಎದುರಿಗೇ. ಗಾಜಿನ ಚೂರು ಗುಡಿಸಿದೆ. ಒಂದು ಚೂರು ಸೋಫಾ ಕೆಳಗೆ ಹೋಗಿರಬಹುದು, ನಾಳೆ ನೋಡಬೇಕು.

ಮಾರ್ಚ್ ೧೩

ದಿನವಿಡೀ ಅದೊಂದೇ. ಮಾತ್ರೆ ಕೊಟ್ಟರೆ “ನನಗೆ ಬೇಡ!” ಹೊದಿಕೆ ಹೊದಿಸಿದರೆ “ನನಗೆ ಬೇಡ!” ನೋಡಲು ಬಂದ ಪಕ್ಕದ ಮನೆಯವರು ಹಣ್ಣಿನ ಚೀಲ ಇಟ್ಟರೆ ಅದಕ್ಕೂ. ಅವರು ಮುಖ ಸಣ್ಣಗೆ ಮಾಡಿಕೊಂಡು ಹೋದರು. ಅಕ್ಕ ನಗುತ್ತಿದ್ದಳಾ, ಕೋಪದಲ್ಲಿದ್ದಳಾ ಭಾವನಿಗೆ ಗೊತ್ತಾಗಲಿಲ್ಲವಂತೆ. ಕೋಪ. ಕಣ್ಣಿನ ಕೆಳಗೆ ಗೊತ್ತಾಗುತ್ತೆ.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆಯಿಂದ ಧೈರ್ಯ ಕೂಡಿಸಿ ಮಧ್ಯಾಹ್ನ ಕೇಳಿದೆ. “ಬೇಕಾದ ಮಾತುಗಳನ್ನೆಲ್ಲ ನನ್ನ ದನಿಯಲ್ಲಿ ಹಾಕಿಕೊಡಲಾ? ನೀರು, ನೋವು, ಕಿಟಕಿ… ನಮ್ಮಿಬ್ಬರ ದನಿ ಒಂದೇ ಥರ ಅಂತಾರೆ ಜನ.”

ಒತ್ತಿದಳು. “ನನಗೆ ಬೇಡ!”

“ಹಾಗಾದ್ರೆ ನನ್ನ ಬೈಯಾದ್ರೂ ಬೈಯೇ. ಒಂದು ಕಪಾಳಕ್ಕೆ ಹೊಡಿ. ಏಳನೇ ಕ್ಲಾಸ್ ಬಿಟ್ಟಾಗ ಹೊಡೆದೆಯಲ್ಲ, ಹಾಗೆ. ಎಲ್ಲಾ ನನ್ನಿಂದ ಆಗಿದ್ದು. ನನ್ನ ಕ್ಷಮಿಸು ಅಕ್ಕಾ.”

ಅವಳು ಬಹಳ ಹೊತ್ತು ಡಬ್ಬಿಯನ್ನೇ ನೋಡಿದಳು. ಬೆರಳು ಬಟನ್ ಮೇಲಿತ್ತು. ಒತ್ತಿದಳು.

“ನನಗೆ ಬೇಡ!”

ಕ್ಷಮೆ ಬೇಡವೋ, ನಾನೇ ಬೇಡವೋ, ಆ ಮಾತೇ ಬೇಡವೋ. ಕೇಳಿದರೆ ಹೇಳುತ್ತಿದ್ದಳು. ಕೇಳಲಿಲ್ಲ. ಅವಳ ಪಾತ್ರೆ ತೊಳೆದಿಟ್ಟು ಬಂದೆ.

ಮಾರ್ಚ್ ೧೯, ಬುಧವಾರ

ಎರಡನೇ ಸುತ್ತಿನ ಡಬ್ಬಿಗಳ ತೀರ್ಮಾನ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ. ಅಕ್ಕ ತಾನೂ ಚಪ್ಪಲಿ ಮೆಟ್ಟಿ ಹೊರಟು ನಿಂತಳು. ಯಾಕೆ ಅಂತ ಹೇಳಲಿಲ್ಲ. ಕನ್ನಡಿ ಅಂಗಡಿಯ ಮೆಟ್ಟಿಲು ಹತ್ತುವಾಗ ನಾಲ್ಕು ಸಲ ನಿಂತಳು.

ಅವಳನ್ನು ನೋಡಿ ಸಾರ್ ಎದ್ದು ನಿಂತರು. ಬೆಸುಗೆ ಕುರ್ಚಿ ತಂದಿಟ್ಟು, ಯಾವ ಕಡೆ ನೋಡಬೇಕು ಅಂತ ತಿಳಿಯದೆ ಬೋರ್ಡ್ ಒರೆಸತೊಡಗಿದಳು.

ದನಿ ಮೊದಲು, ಹೆಸರು ಆಮೇಲೆ ಅಂದೆ. ದನಿ ಇಳಿಯುವ ತನಕ ಕೆಂಪು ದೀಪ. ಅಲ್ಲಿವರೆಗೆ ಸ್ವಿಚ್ ಒತ್ತಿದರೂ ಬ್ಯಾಟರಿ ಕಡಿಯಕೂಡದು. ಅರ್ಧದಲ್ಲಿ ಏನೇ ಆದರೂ ಹೆಸರು ಪಟ್ಟಿಗೆ ಬರಲೇಬಾರದು. ಇಲ್ಲದ್ದು ಇಲ್ಲ ಅಂತಲೇ ಕಾಣಬೇಕು.

“ಜನ ಕಾಯಲ್ಲ ಕಣಮ್ಮ” ಅಂದರು ಸಾರ್, ಮೆತ್ತಗೆ. “ಕೆಟ್ಟಿದೆ ಅಂದ್ಕೊಂಡು ಕುಟ್ಟುತ್ತಾರೆ.”

“ನಾನು ಕಾಯ್ತಿದ್ದೆ” ಅಂದಳು ಅಕ್ಕ. ನಾನು ಅದನ್ನು ಸಾರ್‌ಗೆ ಹೇಳಿದೆ. “ಬುಟ್ಟಿ ಮೇಲೆ ನಿಂತು ಒಂದು ಮೂಟೆಗೆ ಕಾಲು ಗಂಟೆ ಕಾದಿದ್ದೀನಿ ನಾನು. ಯಾಕೆ ಕಾಯ್ಬೇಕು ಅಂತ ಗೊತ್ತಿದ್ರೆ ಯಾರಾದ್ರೂ ಕಾಯ್ತಾರೆ. ನನಗೆ ಯಾರೂ ಹೇಳ್ಲಿಲ್ಲ.” ಅದನ್ನೂ ಹೇಳಿದೆ.

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ. ಹಾಗಾದ್ರೆ ಒರೆಸೋದನ್ನ ಬಿಡಬೇಕು. ಎರಡೂ ಹಿಡಿಸಲ್ಲ.”

ಆಗ ಬೆಸುಗೆ ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಅಂದಳು, “ಡಬ್ಬಿ ಒಬ್ಬರಿಂದ ವಾಪಸ್ ಬಂದಾಗ ಆಸ್ಪತ್ರೇಲಿ ಒಂದು ದಿನ ಚಾರ್ಜಿಗೆ ಇಟ್ಟಿರ್ತಾರಲ್ಲ. ಒರೆಸೋದನ್ನ ಆಗ ಮಾಡಿದ್ರೆ? ಆಗ ಯಾರಿಗೂ ಅವಸರ ಇರಲ್ಲ.”

ಸಾರ್ ಎರಡನ್ನೂ ಬೋರ್ಡಿನ ಮೇಲೆ ಬರೆದರು. ಕೆಳಗೆ ಗಾಜು ಕೊಯ್ಯುತ್ತಿದ್ದರು. ಒರೆಸುವುದು, ಕಾಯುವುದು, ಎರಡಕ್ಕೂ ಜಾಗವಿತ್ತು. ಇಷ್ಟು ಸುಲಭವಿತ್ತು. ಅವತ್ತು ನಾನು ಇನ್ನೊಂದು ಮಾತು ಆಡಿದ್ದರೆ ಬೆಸುಗೆ ಇದನ್ನು ಅವತ್ತೇ ಹೇಳುತ್ತಿದ್ದಳಾ? ಹೇಳುತ್ತಿದ್ದಳು. ಅವಳು ದಡ್ಡಿಯಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ಅಕ್ಕ ಕುರ್ಚಿಯ ಕೈ ಹಿಡಿದುಕೊಂಡು ಎದ್ದಳು. ಬಾಗಿಲಲ್ಲಿ ನಿಂತು ನನ್ನ ಕಡೆ, “ನಡಿ, ಸುಸ್ತಾಗ್ತಿದೆ” ಅಂದಳು. ಹದಿನಾರನೇ ತಾರೀಖಿನಿಂದ ನನ್ನ ಜೊತೆ ಆಡಿದ ಮೊದಲ ಮಾತು. ಆಟೋದಲ್ಲಿ ಮತ್ತೆ ಕಿಟಕಿ ಕಡೆ ತಿರುಗಿಕೊಂಡಳು.

ಮಾರ್ಚ್ ೨೬

ಸ್ವಿಚ್ ನೂರಾರು ಸಲ ಒತ್ತಿ ನೋಡಿದೆ. ದೀಪ ಉರಿಯುವಾಗ, ಆರುವಾಗ, ಆರಿದ ಕೂಡಲೇ. ಬ್ಯಾಟರಿ ಕಿತ್ತೂ ನೋಡಿದೆ. ಒಂದೂ ಸುಳ್ಳು ಹೆಸರು ಪಟ್ಟಿಗೆ ಬರಲಿಲ್ಲ. ಸಂತೋಷವೇನೂ ಆಗಲಿಲ್ಲ. ಬೆಸುಗೆ, “ಇನ್ನೇನು ಹೋಗಬಹುದು ಹೇಳೇ, ನೆನಪು ಮಾಡ್ಕೋ” ಅಂದಳು. ತಮಾಷೆಗಲ್ಲ, ಪೆನ್ನು ಹಿಡಿದುಕೊಂಡು ಕೂತಿದ್ದಳು. ಹೊರಗೆ ಕತ್ತಲಾಗುವ ತನಕ ಹೇಳಿದೆ, ಬರೆದುಕೊಂಡಳು.

ಮಾರ್ಚ್ ೨೯

ಅಕ್ಕ ನಿನ್ನೆಯಿಂದ ಡಬ್ಬಿ ಮುಟ್ಟಿಲ್ಲ. ಬೀರು ಮೇಲೆ ಇಟ್ಟುಬಿಟ್ಟಿದ್ದಾಳೆ. ಭಾವ ಮಾತ್ರ, ಅವಳು ಸ್ನಾನಕ್ಕೆ ಹೋದಾಗ ಕೈ ಚಾಚಿ ತೆಗೆದು, ವಾಲ್ಯೂಮ್ ಸಣ್ಣಗೆ ಮಾಡಿ, ಕಿವಿಗೆ ಒತ್ತಿಕೊಂಡು ಕೇಳುತ್ತಾರೆ. ನಾನು ಬಂದದ್ದು ನೋಡಿ ಇಟ್ಟುಬಿಟ್ಟರು. ನಾನು ನೋಡದವಳ ಹಾಗೆ ಒಳಗೆ ಹೋದೆ.

‘ತಂಗಿಗೆ’ ಅನ್ನುವುದರಲ್ಲಿ ಏನಿತ್ತು ಅಂತ ಇವತ್ತು ಕೇಳಿದೆ. ಅಕ್ಕ ಬಟಾಣಿ ಬಿಡಿಸುತ್ತಿದ್ದಳು. “ಮರೆತೋಯ್ತು” ಅಂದಳು. ಸುಳ್ಳು. ಇನ್ನೊಂದು ಸಲ ಹೇಳು, ತುಟಿಯಲ್ಲೇ ಹೇಳು, ನನಗೆ ತಿಳಿಯುತ್ತೆ ಅಂದೆ. ತಲೆಯೆತ್ತಿ ನನ್ನ ನೋಡಿದಳು. “ಆ ಮಾತು ಆಗ ಹೇಳೋದಾಗಿತ್ತು. ಈಗ ನೀನು ಅವಳಲ್ಲ, ನಾನೂ ಅವಳಲ್ಲ” ಅಂದಳು. ಬಟಾಣಿ ಬಟ್ಟಲು ನನ್ನ ಕಡೆ ತಳ್ಳಿದಳು. ಇಬ್ಬರೂ ಬಿಡಿಸಿದೆವು.

ಏಪ್ರಿಲ್ ೧, ಮಂಗಳವಾರ

ಹೊಸ ಡಬ್ಬಿ ಇವತ್ತು ಆಸ್ಪತ್ರೆಗೆ ಹೋಯಿತು. ಮೊದಲನೆಯದು ಒಬ್ಬ ಸ್ಕೂಲ್ ಬಸ್ ಡ್ರೈವರಿಗೆ. ನಾಳೆ ಹತ್ತಕ್ಕೆ ಅವರನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಸಂಜೆ ಮಾತು ಕಲಿಸುವ ಮೇಡಂ ಫೋನ್ ಮಾಡಿ, ರೆಕಾರ್ಡ್ ಮುಗಿಯಿತು, ಪಟ್ಟಿಯಲ್ಲಿ ಎಲ್ಲಾ ಹೆಸರೂ ಕಾಣುತ್ತಿದೆ, ಏನೂ ಯೋಚನೆ ಮಾಡಬೇಡಿ ಅಂದರು. ಆಯ್ತು ಮೇಡಂ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅಕ್ಕ, “ಏನಾಯ್ತೇ?” ಅಂದಳು. ಹೇಳಿದೆ. “ಮತ್ತೆ ಮಾಡು. ನಕ್ಕರೆ ನಗ್ಲಿ” ಅಂದಳು. ಮಾಡಿದರೆ ಎಂಗೇಜ್ ಬರುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಕು. ಹೆದರಿಕೆಗೆ ಮಾತು ತಪ್ಪಬಾರದು ಅಂತ ಇಲ್ಲೇ ಬರೆದಿಟ್ಟುಕೊಳ್ಳುತ್ತೇನೆ, ನೋಡಿಕೊಂಡು ಓದಿದರಾಯಿತು:

ಮೇಡಂ, ಅವರನ್ನು ಒಳಗೆ ಕರೆದುಕೊಂಡು ಹೋಗೋ ಮುಂಚೆ ಡಬ್ಬಿ ಒಂದ್ಸಲ ಪೂರ್ತಿ ಆರಿಸಿ. ಐದು ನಿಮಿಷ ಬಿಟ್ಟು ಹಾಕಿ. ಹೆಸರು ನೋಡಬೇಡಿ, ಉದ್ದ ನೋಡಬೇಡಿ. ಅವರು ಎಲ್ಲಕ್ಕಿಂತ ಹೊತ್ತು ಮಾತಾಡಿರೋದು ಯಾವುದಿದೆಯೋ ಅದನ್ನ ಒತ್ತಿ, ಮುಗಿಯೋ ತನಕ ಕಿವಿಯಿಟ್ಟು ಕೇಳಿ. ದನಿ ಬಂತಾ ಅಂತ ನನಗೆ ಹೇಳಿ. ನೋಡಿದ್ದೀವಿ ಅಂತ ನೀವು ಹೇಳ್ತೀರ, ಗೊತ್ತು. ಆದ್ರೂ ಇನ್ನೊಂದ್ಸಲ ಕೇಳಿ ಮೇಡಂ.